ವಿಲ್ಲಿಸ್ ಟ್ರಕ್ಕಿನ ಟ್ರಾನ್ಸ್‌ಫರ್ ಕೇಸ್ ಕಿಟ್: ಬೇರಿಂಗ್‌ಗೆ ಪೂರ್ತಿ ಅಂಕ, ಸೀಲ್‌ಗೆ ಸೊನ್ನೆ

ಟ್ರಾನ್ಸ್‌ಫರ್ ಕೇಸ್ ದುರಸ್ತಿಗೆ ತರಿಸಿದ ಬಿಡಿಭಾಗಗಳ ಕಿಟ್ಟಿನ ಬಗ್ಗೆ ದೂರು ಹೇಳುವ ಮೊದಲು ನನ್ನ ತಪ್ಪು ಒಪ್ಪಿಕೊಂಡುಬಿಡುತ್ತೇನೆ. ಶಾಫ್ಟ್ ಅಳೆಯದೆ ಆರ್ಡರ್ ಕೊಟ್ಟಿದ್ದೆ.

ನನ್ನದು 1950ರ ದಶಕದ ಶುರುವಿನ ವಿಲ್ಲಿಸ್ ಪಿಕಪ್, ಫೋರ್ ವೀಲ್ ಡ್ರೈವ್. ಗೇರ್‌ಬಾಕ್ಸಿನ ಶಕ್ತಿಯನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಡಬ್ಬವೇ ಟ್ರಾನ್ಸ್‌ಫರ್ ಕೇಸ್. ಇದರಲ್ಲಿ ಇರುವುದು ಸ್ಪೈಸರ್ 18, ಡೇನಾ 18 ಅಂತಲೂ ಕರೆಯುತ್ತಾರೆ. ಎರಡನೇ ಮಹಾಯುದ್ಧದ ಜೀಪಿನಲ್ಲಿ ಇದ್ದದ್ದೂ ಇದೇ ಡಬ್ಬ. ಬೀಡು ಕಬ್ಬಿಣದ ಮೈ, ಒಳಗೆ ಬರೀ ಗೇರುಗಳು, ಚೈನಿನ ರಗಳೆ ಇಲ್ಲ. ಆದರೆ ನಡುವಿನ ಇಂಟರ್‌ಮೀಡಿಯೆಟ್ ಶಾಫ್ಟ್ ಮಾತ್ರ ಕಾಲಕಾಲಕ್ಕೆ ಮೂರು ಅಳತೆಯಲ್ಲಿ ಬಂದಿದೆ: ಮುಕ್ಕಾಲು ಇಂಚು, 1 1/8 ಇಂಚು, 1 1/4 ಇಂಚು. ಗಾಡಿಯ ವರ್ಷ ನೋಡಿ ಇದು ದಪ್ಪನೆಯದೇ ಇರಬೇಕು ಅಂದುಕೊಂಡು 1 1/4ರ ಕಿಟ್ ತರಿಸಿದೆ. ಬಿಚ್ಚಿ ಮೈಕ್ರೋಮೀಟರ್ ಹಿಡಿದರೆ 1 1/8. ಮಾರಿದವರು ಒಂದೂ ಮಾತಾಡದೆ ಬದಲಾಯಿಸಿಕೊಟ್ಟರು, ಅದು ಅವರ ದೊಡ್ಡತನ. ಕಾಯುವಾಗ ಗಾಡಿ ಮಾತ್ರ ಹೊಟ್ಟೆ ಬಿಚ್ಚಿಕೊಂಡು ಸ್ಟ್ಯಾಂಡ್ ಮೇಲೆ ನಿಂತಿತ್ತು.

ಬಿಚ್ಚುವುದಕ್ಕೆ ಕಾರಣಗಳು ಸಾಕಷ್ಟು ಇದ್ದವು. ಇಳಿಜಾರಿನಲ್ಲಿ ಲೋ, ಅಂದರೆ ನಿಧಾನದ ಗೇರ್, ಹಾಕಿದರೆ ಲಿವರ್ ತಾನಾಗಿ ನ್ಯೂಟ್ರಲ್‌ಗೆ ಹಾರುತ್ತಿತ್ತು. ಆಕ್ಸಿಲರೇಟರ್ ಬಿಟ್ಟ ಕೂಡಲೇ ಕೆಳಗಿಂದ ಟಣ್ ಅಂತ ಸದ್ದು. ಹ್ಯಾಂಡ್‌ಬ್ರೇಕ್ ಅಂತೂ ಹೆಸರಿಗೆ ಮಾತ್ರ. ಇದರ ಹ್ಯಾಂಡ್‌ಬ್ರೇಕ್ ಡ್ರಮ್ ಕೂತಿರುವುದು ಟ್ರಾನ್ಸ್‌ಫರ್ ಕೇಸಿನ ಹಿಂಬದಿಯಲ್ಲೇ. ಹಿಂದಿನ ಸೀಲ್ ಸೋರಿದರೆ ಎಣ್ಣೆ ನೇರವಾಗಿ ಬ್ರೇಕ್ ಶೂಗಳಿಗೇ ಅಭಿಷೇಕ.

ಒಳಗಿನ ಸ್ಥಿತಿ ನೋಡಿ ಸುಮ್ನೆ ಕೂತುಬಿಟ್ಟೆ. ಹೊರಗೆ ಎಳೆದ ಹಳೇ ಶಾಫ್ಟಿನ ಮೇಲೆ ಉಗುರು ಆಡಿಸಿದರೆ ನೀಡಲ್ ಬೇರಿಂಗ್ ಓಡಿದ ಜಾಗದಲ್ಲಿ ಉಗುರು ತಡೆದು ನಿಲ್ಲುತ್ತಿತ್ತು. ಬೆಳಕಿಗೆ ಹಿಡಿದರೆ ಒಂದು ಮಗ್ಗುಲಿನಲ್ಲಿ ಮಾತ್ರ ಉದ್ದುದ್ದ ಗೀರುಗಳು, ಬಾಚಣಿಗೆ ಒತ್ತಿದ ಹಾಗೆ. ಇನ್ನೊಂದು ಮಗ್ಗುಲು ಹೊಸದರ ಹಾಗೆ ಹೊಳೆಯುತ್ತಿತ್ತು. ಈ ಶಾಫ್ಟ್ ತಿರುಗುವುದಿಲ್ಲ, ಹಿಂದೆ ಒಂದು ಲಾಕ್ ಪ್ಲೇಟ್ ಅದನ್ನು ಹಿಡಿದಿರುತ್ತದೆ. ಅದರ ಮೇಲೆ ಗೇರ್ ಮಾತ್ರ ಸುತ್ತುತ್ತದೆ. ಭಾರ ಬೀಳುವುದು ಯಾವಾಗಲೂ ಒಂದೇ ಕಡೆ, ಸವೆಯುವುದೂ ಅದೇ ಕಡೆ.

ಈಗ ಕಿಟ್ಟಿಗೆ ಬರೋಣ. ಟೇಪರ್ ರೋಲರ್ ಬೇರಿಂಗ್‌ಗಳು ಎರಡೂ ಒಳ್ಳೆಯವು. ಅವುಗಳ ಹೊರಬಳೆಗಳು, ಅಂದರೆ ಕಪ್‌ಗಳು, ಡಬ್ಬದೊಳಗೆ ಬಿಗಿಯಾಗಿ, ಓರೆಯಾಗದೆ ಕೂತವು. ಹೊಸ ಇಂಟರ್‌ಮೀಡಿಯೆಟ್ ಶಾಫ್ಟ್ ಇನ್ನೂ ಚೆನ್ನಾಗಿದೆ. ಮೂರು ಕಡೆ ಅಳೆದೆ, ಎಲ್ಲೂ ವ್ಯತ್ಯಾಸ ಸಿಗಲಿಲ್ಲ. ತುದಿಯಲ್ಲಿ ಓ-ರಿಂಗ್ ಕೂರಿಸಲು ಕೊರೆದ ತೋಡೂ ಇದೆ. ನನ್ನ ಹಳೇ ಶಾಫ್ಟಿಗೆ ಅದು ಇರಲಿಲ್ಲ, ಅಲ್ಲಿಂದ ಎಣ್ಣೆ ಜಿನುಗುತ್ತಲೇ ಇತ್ತು. ಈಗ ಆ ಜಾಗ ಒಣಗಿದೆ. ಇದೊಂದಕ್ಕೇ ಕಿಟ್ಟಿಗೆ ಅರ್ಧ ಅಂಕ ಕೊಡಬಹುದು.

ಥ್ರಸ್ಟ್ ವಾಷರ್ ಪರವಾಗಿಲ್ಲ. ಒಂದರ ಕಿವಿ ಡಬ್ಬದ ಕಚ್ಚಿಗೆ ಹೋಗದೆ ಅರ ಹಾಕಿ ಉಜ್ಜಬೇಕಾಯಿತು. ಜೋಡಣೆಗಳ ನಡುವೆ ಹಾಕುವ ಪ್ಯಾಕಿಂಗ್ ಕಾಗದ ತೀರಾ ತೆಳು. ಜೊತೆಗೆ ಬಂದ ಚೀಟಿ ನೋಡಿದರೆ ನಗು ಬರುತ್ತದೆ: ಮಸುಕು ಚಿತ್ರ ಒಂದು, ನಂಬರುಗಳು ಹತ್ತಾರು, ಯಾವ ನಂಬರ್ ಏನು ಅಂತ ಎಲ್ಲೂ ಇಲ್ಲ.

ಆ ಚಿತ್ರವನ್ನೇ ನಂಬಿ ಒಂದು ಕಡೆ ಮುಗ್ಗರಿಸಿದೆ. ಎರಡು ಶಿಫ್ಟ್ ರಾಡುಗಳ ನಡುವೆ ಮಾತ್ರೆಯಷ್ಟು ಚಿಕ್ಕ ಉಕ್ಕಿನ ತುಂಡೊಂದು ಇರುತ್ತದೆ, ಇಂಟರ್‌ಲಾಕ್. ಮುಂದಿನ ಆಕ್ಸಲ್ ಸೇರಿಸದೆ ಲೋ ಹಾಕಲು ಬಿಡದಿರುವುದೇ ಅದರ ಕೆಲಸ. ಕಿಟ್ಟಿನಲ್ಲಿ ಅದು ಇಲ್ಲ, ಚಿತ್ರದಲ್ಲೂ ಇಲ್ಲ. ರಾಡು, ಫೋರ್ಕು ಎಲ್ಲ ಕೂರಿಸಿ, ಕೈ ತೊಳೆದು, ಸೀಮೆಎಣ್ಣೆ ತಟ್ಟೆ ಚೆಲ್ಲಲು ಹೋದರೆ ತಳದ ಕೆಸರಿನಲ್ಲಿ ಏನೋ ಮಿನುಗಿತು. ಅದೇ ಇದು! ಪುಣ್ಯಕ್ಕೆ ಡಬ್ಬ ಇನ್ನೂ ಬೆಂಚಿನ ಮೇಲೇ ಇತ್ತು. ತಳದ ತಟ್ಟೆ ಬಿಚ್ಚಿ, ಫೋರ್ಕಿನ ಸ್ಕ್ರೂ ಸಡಿಲಿಸಿ, ರಾಡು ಎಳೆದು ಮತ್ತೆ ಮೊದಲಿಂದ. ರಾಡನ್ನು ಅದರ ಜಾಗದಲ್ಲಿ ಹಿಡಿಯುವ ಪಾಪೆಟ್ ಸ್ಪ್ರಿಂಗ್ ಆ ರಾತ್ರಿ ಎರಡು ಸಲ ಹಾರಿತು. ರಂಧ್ರದ ಮೇಲೆ ಹೆಬ್ಬೆರಳು ಒತ್ತಿ ಹಿಡಿಯದೆ ರಾಡು ಎಳೆಯಬೇಡಿ.

ಶಿಮ್, ಅಂದರೆ ಸಂದು ಸರಿಮಾಡುವ ತೆಳು ತಗಡಿನ ಬಿಲ್ಲೆ, ಅದರ ವಿಷಯ ಸ್ವಲ್ಪ ಜಾಸ್ತಿ ಹೇಳಬೇಕು. ಜನ ಎಡವುವುದೇ ಅಲ್ಲಿ. ಔಟ್‌ಪುಟ್ ಶಾಫ್ಟಿನ ಎಂಡ್ ಪ್ಲೇ, ಅಂದರೆ ಅದು ಹಿಂದೆ ಮುಂದೆ ಜರುಗುವ ಸಡಿಲ, 0.004ರಿಂದ 0.008 ಇಂಚಿನ ಒಳಗೆ ಇರಬೇಕು. ಹಿಂದಿನ ಬೇರಿಂಗ್ ಕ್ಯಾಪಿನ ಕೆಳಗೆ ಶಿಮ್ ಸೇರಿಸಿದರೆ ಪ್ಲೇ ಹೆಚ್ಚುತ್ತದೆ, ತೆಗೆದರೆ ಇಳಿಯುತ್ತದೆ. ಕಿಟ್ಟಿನಲ್ಲಿ ಮೂರು ದಪ್ಪದ ಶಿಮ್ ಕೊಟ್ಟಿದ್ದಾರೆ. ಯಾವುದು ಎಷ್ಟು ಅಂತ ಬರೆದಿಲ್ಲ, ಒಂದೊಂದನ್ನೂ ಅಳೆದು ಪೆನ್ನಿನಲ್ಲಿ ಗುರುತು ಹಾಕಿಕೊಂಡೆ. ಹಳೇ ಶಿಮ್‌ಗಳನ್ನೇ ಹಾಕಿ ಡಯಲ್ ಗೇಜ್ ಇಟ್ಟರೆ 0.015 ತೋರಿಸಿತು. ಲೆಕ್ಕ ಹಾಕಿ ತೆಗೆದೆ, 0.005 ಬಂತು. ಖುಷಿಯಿಂದ ಮುಗಿಸುವವನಿದ್ದೆ. ಆದರೂ ಮನಸ್ಸು ತಡೆಯದೆ ಶಾಫ್ಟಿನ ಎರಡೂ ತುದಿಗೆ ಮೆತ್ತನೆ ಸುತ್ತಿಗೆಯಿಂದ ಒಂದೊಂದು ಏಟು ಕೊಟ್ಟು ಮತ್ತೆ ನೋಡಿದೆ. 0.010! ಕಪ್ ಪೂರ್ತಿ ಕೂತೇ ಇರಲಿಲ್ಲ. ಮೂರನೇ ಸಲ ಕ್ಯಾಪ್ ಬಿಚ್ಚಿ ಹಾಕಿದ ಮೇಲೆ 0.006ಕ್ಕೆ ನಿಂತಿತು. ಅಳೆಯುವಾಗ ಸೀಲ್ ಹಾಕಿರಬಾರದು. ಅದರ ಹಿಡಿತಕ್ಕೆ ಶಾಫ್ಟ್ ಬಿಗಿ ಅನ್ನಿಸಿ ಕೈ ಮೋಸ ಹೋಗುತ್ತದೆ.

ಈ ಕಿಟ್ಟಿನ ನಿಜವಾದ ಅವಮಾನ ಅಂದರೆ ಆಯಿಲ್ ಸೀಲ್. ತುಟಿ ಗಟ್ಟಿ, ಬೆರಳಲ್ಲಿ ಒತ್ತಿದರೆ ಪ್ಲಾಸ್ಟಿಕ್ಕಿನ ಹಾಗೆ. ಎರಡೇ ವಾರಕ್ಕೆ ಮುಂದೆಯೂ ಹಿಂದೆಯೂ ಸೋರಿತು. ಹಿಂದಿನದರಲ್ಲಿ ಪೂರ್ತಿ ತಪ್ಪು ಸೀಲಿನದಲ್ಲ. ಯೋಕ್ ಮೇಲೆ, ಅಂದರೆ ಪ್ರೊಪೆಲ್ಲರ್ ಶಾಫ್ಟ್ ಸೇರುವ ತುಂಡಿನ ಮೇಲೆ, ಹಳೇ ಸೀಲ್ ಕೊರೆದ ಗೆರೆ ಇತ್ತು, ನಾನು ಎಮರಿ ಉಜ್ಜಿ ಸಾಕು ಅಂದುಕೊಂಡಿದ್ದೆ. ಈಗ ಅದರ ಮೇಲೆ ತೆಳು ಉಕ್ಕಿನ ಸ್ಲೀವ್ ಹೊಡೆದಿದ್ದೇನೆ. ಆದರೆ ಮುಂದಿನ ಯೋಕ್ ನುಣ್ಣಗೆ ಇತ್ತು, ಅದಕ್ಕೇನು ನೆಪ ಹೇಳುತ್ತೀರಿ? ಎರಡೂ ಕಡೆ ಬೇರೆ ತಯಾರಿಕೆಯ, ಎರಡು ತುಟಿಯ ಸೀಲ್ ಹಾಕಿದೆ. ಬ್ರೇಕ್ ಶೂ ಎಣ್ಣೆ ಕುಡಿದಿದ್ದರಿಂದ ಅದನ್ನೂ ಎಸೆಯಬೇಕಾಯಿತು.

ಜೊತೆಯಲ್ಲಿ ಪ್ರೊಪೆಲ್ಲರ್ ಶಾಫ್ಟ್‌ಗಳ ನಾಲ್ಕು ಜಾಯಿಂಟ್ ಕ್ರಾಸ್ ಕೂಡ ಬಂದಿದ್ದವು. ಟಣ್ ಸದ್ದಿಗೆ ಮುಕ್ಕಾಲು ಪಾಲು ಕಾರಣ ಹಳೇ ಕ್ರಾಸ್‌ಗಳೇ. ಹಿಂದಿನ ಒಂದರಲ್ಲಿ ಸೂಜಿಗಳೆಲ್ಲ ಕೆಂಪು ಪುಡಿಯಾಗಿದ್ದವು. ಹೊಸವು ಸಲೀಸಾಗಿ ಕೂತವು, ಒಂದು ಸರ್ಕ್ಲಿಪ್ ಮಾತ್ರ ಸಡಿಲ ಇತ್ತು, ಹಳೆಯದನ್ನೇ ಹಾಕಿದೆ. ಸ್ಲಿಪ್ ಜಾಯಿಂಟ್ ಬಿಚ್ಚುವ ಮೊದಲು ಎರಡೂ ಕಡೆ ಬಣ್ಣದ ಗುರುತು ಹಾಕಿ. ಒಂದು ಹಲ್ಲು ತಪ್ಪಿದರೂ ಶಾಫ್ಟ್ ನಡುಗಲು ಶುರು.

ಎಣ್ಣೆ 90ರ ದಪ್ಪದ್ದು, ಜಿಎಲ್-4 ದರ್ಜೆಯದು ಹಾಕಿದೆ. ಟ್ರಾನ್ಸ್‌ಫರ್ ಕೇಸಿನ ಎಣ್ಣೆ ಗೇರ್‌ಬಾಕ್ಸಿನ ಎಣ್ಣೆಯ ಜೊತೆ ಬೆರೆಯುವ ಡಬ್ಬ ಇದು. ಗೇರ್‌ಬಾಕ್ಸಿನ ಹಿತ್ತಾಳೆ ಸಿಂಕ್ರೊ ರಿಂಗುಗಳ ಆಸೆ ಇದ್ದರೆ ಎರಡಕ್ಕೂ ಇದೇ ಎಣ್ಣೆ ಹಾಕಿ.

ಈಗ ಗಾಡಿ ಹೇಗಿದೆ? ಲೋ ಹಾರುವುದಿಲ್ಲ. ಕಲ್ಲು ತುಂಬಿದ ಇಳಿಜಾರಿನಲ್ಲಿ ಲೋ ಹಾಕಿ ಬ್ರೇಕ್ ಮುಟ್ಟದೆ ಇಳಿದು ಬಂದೆ. ಹ್ಯಾಂಡ್‌ಬ್ರೇಕ್ ಹಿಡಿಯುತ್ತದೆ. ಟಾರು ರಸ್ತೆಯಲ್ಲಿ ಸಣ್ಣ ಗುಂಯ್‌ಗುಟ್ಟುವಿಕೆ ಹಾಗೇ ಉಳಿದಿದೆ, ಅದು ಗೇರಿನ ಹಲ್ಲಿನ ಸವೆತ. ಗೇರುಗಳು ಈ ಕಿಟ್ಟಿನಲ್ಲಿ ಬರುವುದಿಲ್ಲ, ಬರುತ್ತವೆ ಅಂತ ಅವರು ಹೇಳಿಯೂ ಇಲ್ಲ. ತಗೊಳ್ಳಬಹುದಾ ಅಂದರೆ ತಗೊಳ್ಳಿ, ಶಾಫ್ಟ್ ಅಳೆದ ಮೇಲೆ. ಒಳ್ಳೆಯ ಸೀಲುಗಳನ್ನು ಅದೇ ದಿನ ಬೇರೆಯಾಗಿ ತರಿಸಿಕೊಳ್ಳಿ. ನಾನು ಈಗಲೂ ರಾತ್ರಿ ಗಾಡಿ ಕೆಳಗೆ ರಟ್ಟು ಹಾಸುತ್ತೇನೆ. ಹತ್ತು ದಿನದಿಂದ ಒಂದು ಹನಿಯೂ ಬಿದ್ದಿಲ್ಲ. ವಿಲ್ಲಿಸ್ ಇಟ್ಟುಕೊಂಡವರು ಇದನ್ನು ನಂಬುವುದಿಲ್ಲ ಅಂತ ಗೊತ್ತು, ರಟ್ಟಿನ ಫೋಟೊ ತೆಗೆದಿಟ್ಟಿದ್ದೇನೆ.