ಟ್ಯಾಬ್ಲೆಟ್ ಮೊಬೈಲೋ ಅಲ್ಲವೋ: ಲಾರಾವೆಲ್, ಜಾಂಗೋ, ರೈಲ್ಸ್ ಕೊಟ್ಟ ಮೂರು ಉತ್ತರ

ಹನ್ನೊಂದು ಕಾಲಂಗಳ ಕೋಷ್ಟಕವಿದ್ದ ಒಂದು ವೆಬ್ ಪುಟ. ಫೋನಿನಲ್ಲಿ ತೆರೆದರೆ ಅರ್ಧಕ್ಕಿಂತ ಹೆಚ್ಚು ಭಾಗ ಪರದೆಯಾಚೆಗೇ ಉಳಿಯುತ್ತಿತ್ತು. ಫೋನಿಗೆ ಬೇರೆಯದೇ ಚಿಕ್ಕ ಪುಟ, ಉಳಿದವಕ್ಕೆ ಪೂರ್ತಿ ಕೋಷ್ಟಕ ಕಳುಹಿಸೋಣವೆಂದು ಅದನ್ನೇ ಲಾರಾವೆಲ್, ಜಾಂಗೋ, ರೈಲ್ಸ್ ಎಂಬ ಮೂರು ಫ್ರೇಮ್‌ವರ್ಕ್‌ಗಳಲ್ಲಿ (ವೆಬ್‌ಸೈಟ್ ಕಟ್ಟುವ ಸಿದ್ಧ ಚೌಕಟ್ಟುಗಳಲ್ಲಿ) ಕಟ್ಟಿ, ಆಂಡ್ರಾಯ್ಡ್ ಫೋನ್, ಆಂಡ್ರಾಯ್ಡ್ ಟ್ಯಾಬ್ಲೆಟ್, ಐಪ್ಯಾಡ್, ಲ್ಯಾಪ್‌ಟಾಪ್‌ಗಳಲ್ಲಿ ತೆರೆದು ನೋಡಿದೆ. ಫೋನ್, ಲ್ಯಾಪ್‌ಟಾಪ್ ವಿಷಯದಲ್ಲಿ ಮೂರರದೂ ಒಂದೇ ಮಾತು. ತಕರಾರೆಲ್ಲ ನಡುವಿನ ಎರಡರದು.

ಲಾರಾವೆಲ್‌ಗೆ ಸಾಧನ ಗುರುತಿಸುವ ‘ಏಜೆಂಟ್’ ಪ್ಯಾಕೇಜ್ ಸೇರಿಸಿದೆ. ಅದರ ಒಳಗಿರುವುದು ಪಿಎಚ್‌ಪಿ ಭಾಷೆಯ ‘ಮೊಬೈಲ್ ಡಿಟೆಕ್ಟ್’. ‘ಇದು ಮೊಬೈಲೇ?’ ಎಂದು ಕೇಳಿದರೆ ಟ್ಯಾಬ್ಲೆಟ್‌ಗೂ ಹೌದೆನ್ನುತ್ತದೆ. ಅದರ ವ್ಯಾಖ್ಯೆಯೇ ಹಾಗೆ. ಫೋನ್ ಮಾತ್ರ ಬೇಕಿದ್ದರೆ ‘ಮೊಬೈಲ್ ಹೌದು, ಟ್ಯಾಬ್ಲೆಟ್ ಅಲ್ಲ’ ಎಂದು ಸೋಸಬೇಕು. ಆದರೆ ಟ್ಯಾಬ್ಲೆಟನ್ನು ಗುರುತಿಸಲು ಅದು ಬಹುಮಟ್ಟಿಗೆ ಮಾದರಿ ಹೆಸರುಗಳ ಉದ್ದನೆಯ ಪಟ್ಟಿಯನ್ನು ನೆಚ್ಚಿಕೊಂಡಿದೆ. 2023ರಲ್ಲಿ ಕ್ರೋಮ್ 110ರ ಹೊತ್ತಿಗೆ ಆಂಡ್ರಾಯ್ಡ್ ಸಾಧನಗಳ ಯೂಸರ್ ಏಜೆಂಟ್ ಸಾಲಿನಿಂದ, ಅಂದರೆ ಬ್ರೌಸರ್ ತನ್ನನ್ನು ಸರ್ವರ್‌ಗೆ ಪರಿಚಯಿಸಿಕೊಳ್ಳುವ ಸಾಲಿನಿಂದ, ಮಾದರಿ ಹೆಸರು ಮರೆಯಾಗತೊಡಗಿತು. ಈಗ ಕ್ರೋಮ್‌ನಲ್ಲಿ ಎಲ್ಲ ಆಂಡ್ರಾಯ್ಡ್ ಸಾಧನಗಳೂ ‘ಆಂಡ್ರಾಯ್ಡ್ 10, ಕೆ’ ಎಂದೇ ಹೇಳಿಕೊಳ್ಳುತ್ತವೆ. ಹೆಸರೇ ಇಲ್ಲದ ಮೇಲೆ ಪಟ್ಟಿಯಲ್ಲಿ ಹುಡುಕುವುದೇನನ್ನು? ನಾನು ಬಳಸಿದ ಆವೃತ್ತಿಯಲ್ಲಿ ಟ್ಯಾಬ್ಲೆಟ್‌ಗೆ ಫೋನಿನ ಪುಟವೇ ಬಂತು.

ಜಾಂಗೋದಲ್ಲಿ ‘ಯೂಸರ್ ಏಜೆಂಟ್ಸ್’ ಮಿಡಲ್‌ವೇರ್ (ಪ್ರತಿ ಕೋರಿಕೆಯನ್ನೂ ನಡುವೆ ನಿಂತು ನೋಡುವ ಕೋಡ್) ಹಾಕಿದೆ. ಇಲ್ಲಿ ಮೊಬೈಲ್ ಬೇರೆ, ಟ್ಯಾಬ್ಲೆಟ್ ಬೇರೆ. ಪಟ್ಟಿಯ ಜೊತೆಗೆ ಇನ್ನೊಂದು ಸುಳಿವನ್ನೂ ಅದು ಬಳಸುತ್ತದೆ: ಆಂಡ್ರಾಯ್ಡ್ ಕ್ರೋಮ್‌ನ ಸಾಲಿನಲ್ಲಿ ‘ಮೊಬೈಲ್’ ಎಂಬ ಪದವಿದ್ದರೆ ಫೋನ್, ಇಲ್ಲದಿದ್ದರೆ ಟ್ಯಾಬ್ಲೆಟ್. ಮಾದರಿ ಹೆಸರು ಹೋದರೂ ಆ ಪದ ಉಳಿದಿದೆ, ಹಾಗಾಗಿ ಉತ್ತರ ಸರಿ ಬಂತು. ಬ್ರೌಸರ್, ಆಪರೇಟಿಂಗ್ ಸಿಸ್ಟಂ ಹೆಸರುಗಳೂ ಸಿಗುವುದರಿಂದ ಬಳಕೆಯ ಲೆಕ್ಕ ಇಡುವವರಿಗೆ ನಾನು ಇದನ್ನೇ ಹೇಳುತ್ತೇನೆ.

ರೈಲ್ಸ್ ತಾನಾಗಿ ಊಹಿಸುವುದಿಲ್ಲ. 2014ರ 4.1ರಿಂದ ಅದರಲ್ಲಿ ‘ವೇರಿಯಂಟ್’ ಇದೆ. ಟೆಂಪ್ಲೇಟ್ (ಪುಟದ ಅಚ್ಚು) ಕಡತದ ಹೆಸರಿನಲ್ಲಿ ಕೂಡು ಚಿಹ್ನೆ ಹಾಕಿ ‘ಫೋನ್’ ಎಂದು ಸೇರಿಸಿದರೆ ಅದು ಫೋನಿನ ಪುಟ. ಅಂಥ ಕಡತ ಇಲ್ಲವಾದರೆ ಮಾಮೂಲಿ ಪುಟವೇ ಹೋಗುತ್ತದೆ. ಯಾವುದನ್ನು ಫೋನ್ ಎನ್ನಬೇಕೆಂದು ಬರೆಯುವ ಹೊಣೆ ನಮ್ಮದು. ನಾನು ಬರೆದದ್ದು ಆರು ಸಾಲು. ಮೊದಲು ಕ್ಲೈಂಟ್ ಹಿಂಟ್ ನೋಡು, ಅಂದರೆ ಸಾಧನದ ಬಗ್ಗೆ ಬ್ರೌಸರ್ ಹೆಡರ್‌ನಲ್ಲಿ (ಕೋರಿಕೆಯ ತಲೆಸಾಲಿನಲ್ಲಿ) ಕಳುಹಿಸುವ ಸುಳಿವು. ಕ್ರೋಮ್ 89ರಿಂದ ಎಚ್‌ಟಿಟಿಪಿಎಸ್ ಕೋರಿಕೆಗಳ ಜೊತೆಗೇ ಬರುವ ಆ ಹೆಡರ್‌ನಲ್ಲಿ ಪ್ರಶ್ನೆ ಚಿಹ್ನೆಯ ಮುಂದೆ 1 ಇದ್ದರೆ ಮೊಬೈಲ್, 0 ಇದ್ದರೆ ಅಲ್ಲ. ಸಫಾರಿ, ಫೈರ್‌ಫಾಕ್ಸ್ ಅದನ್ನು ಕಳುಹಿಸುವುದಿಲ್ಲ. ಅವಕ್ಕೆ ಹಳೆಯ ಯೂಸರ್ ಏಜೆಂಟ್ ಸಾಲಿನಲ್ಲೇ ‘ಐಫೋನ್’ ಅಥವಾ ‘ಆಂಡ್ರಾಯ್ಡ್’ ಜೊತೆಗೆ ‘ಮೊಬೈಲ್’ ಹುಡುಕು. ಅಷ್ಟೇ. ನನ್ನ ಪುಟಕ್ಕೆ ಉಳಿಸಿಕೊಂಡದ್ದು ಇದನ್ನೇ. ‘ಮೊಬೈಲ್’ ಎಂಬ ಪದದ ಅರ್ಥವನ್ನು ಬೇರೆ ಯಾರೋ ತೀರ್ಮಾನಿಸಿ ಪ್ಯಾಕೇಜಿನೊಳಗೆ ಮುಚ್ಚಿಟ್ಟಿರುವುದಕ್ಕಿಂತ, ತಪ್ಪಾದರೂ ಅದು ನನ್ನ ಕಣ್ಣೆದುರಿನ ಆರು ಸಾಲಿನಲ್ಲಿರುವುದು ಮೇಲು.

ಯಾವುದನ್ನು ಆರಿಸಿದರೂ ‘ವೇರಿ’ ಹೆಡರ್ ಮರೆಯಬೇಡಿ. ಕೋರಿಕೆಯ ಯಾವ ಹೆಡರ್‌ಗೆ ತಕ್ಕಂತೆ ಪುಟ ಬದಲಾಗುತ್ತದೆಂದು ಹೇಳುವುದು ಅದೇ. ಅದಿಲ್ಲದೆ ನಡುವೆ ಕ್ಯಾಶ್ (ಪುಟದ ಪ್ರತಿ ಇಟ್ಟುಕೊಂಡು ಮತ್ತೆ ಕೊಡುವ ವ್ಯವಸ್ಥೆ) ಇದ್ದರೆ ಫೋನಿಗೆಂದು ತಯಾರಾದ ಪುಟ ಲ್ಯಾಪ್‌ಟಾಪಿಗೂ ಹೋಗಿಬಿಡುತ್ತದೆ. ನನ್ನ ಒಂದು ಮಧ್ಯಾಹ್ನ ಇದರಲ್ಲೇ ಕಳೆಯಿತು.

ಐಪ್ಯಾಡ್ ಮುಂದೆ ಮಾತ್ರ ಮೂರೂ ಸೋತವು. 2019ರ ಐಪ್ಯಾಡ್‌ಒಎಸ್ 13ರಿಂದ ಅದರ ಸಫಾರಿ ಸಾಮಾನ್ಯವಾಗಿ ತನ್ನನ್ನು ಮ್ಯಾಕ್ ಎಂದೇ ಪರಿಚಯಿಸಿಕೊಳ್ಳುತ್ತದೆ. ಸರ್ವರ್ ಬದಿಯಿಂದ ಅದನ್ನು ಬೇರ್ಪಡಿಸಲು ನನಗೆ ದಾರಿ ಸಿಗಲಿಲ್ಲ. ಕೋಷ್ಟಕ ಆ ಪರದೆಯಲ್ಲಿ ಚೆನ್ನಾಗಿಯೇ ಕೂರುವುದರಿಂದ ನನಗೆ ಅದು ತೊಂದರೆಯಾಗಲಿಲ್ಲ. ಸಾಲಿನ ಮೇಲೆ ಮೌಸ್ ತಂದಾಗ ಮಾತ್ರ ಕಾಣುವ ‘ತಿದ್ದು’ ಗುಂಡಿಯೊಂದಿತ್ತು, ಬೆರಳಿಗೆ ಅದು ಸಿಗುತ್ತಿರಲಿಲ್ಲ. ಪುಟದ ರೂಪ ನಿರ್ಧರಿಸುವ ಸಿಎಸ್‌ಎಸ್‌ನಲ್ಲಿ ‘ಹೋವರ್ ಇಲ್ಲ’ ಎಂಬ ಮೀಡಿಯಾ ಕ್ವೆರಿ (ಪರದೆಯ ಗುಣ ನೋಡಿ ಅನ್ವಯವಾಗುವ ನಿಯಮ) ಬರೆದು, ಅಂಥ ಪರದೆಗಳಲ್ಲಿ ಗುಂಡಿ ಸದಾ ಕಾಣುವಂತೆ ಮಾಡಿದೆ.