ಲಡಾಖ್ ‘ತಲೆಗೆ 24,500’: ದುಡ್ಡು ಕಟ್ಟುವ ಮುಂಚೆ ಓದಿ

ಹೋದ ದಸರಾ ರಜೆಗೆ ಲಡಾಖ್ ನೋಡಿ ಬರೋಣ ಅಂತ ಮಂಡ್ಯದ ಹತ್ತು ಜನ ಸೇರಿ ದುಡ್ಡು ಕಟ್ಟಿದ್ದರು. ಮೈಸೂರಿನ ಒಂದು ಟ್ರಾವೆಲ್ಸ್‌ನವರು ವಾಟ್ಸಾಪಿಗೆ ಕಳಿಸಿದ ಹಾಳೆಯಲ್ಲಿ ದಪ್ಪಕ್ಷರದಲ್ಲಿ ಇದ್ದದ್ದು ಇಷ್ಟೇ: ತಲೆಗೆ 24,500, ಐದು ರಾತ್ರಿ, ಎಲ್ಲಾ ಸೇರಿ. ಕೆಳಗೆ ಮೂಲೆಯಲ್ಲಿ ಸಣ್ಣದಾಗಿ ‘ಎಕ್ಸ್ ಲೇಹ್’ ಅಂತ ಇತ್ತು. ಲೆಕ್ಕ ಲೇಹ್ ವಿಮಾನ ನಿಲ್ದಾಣದಲ್ಲಿ ಶುರುವಾಗಿ ಅಲ್ಲೇ ಮುಗಿಯುತ್ತದೆ ಅಂತ ಅದರ ಅರ್ಥ. ವಿಮಾನದ ಟಿಕೆಟ್ಟಿಗೆ 21,000 ಬೇರೆ ಸೇರಿಸಿ ಒಬ್ಬೊಬ್ಬರೂ 45,500 ಎತ್ತಿಟ್ಟುಕೊಂಡರು. ಕೆಲವರದು ಚೀಟಿ ಎತ್ತಿದ ದುಡ್ಡು. ವಾಪಸ್ ಬಂದು ಕೂಡಿಸಿದಾಗ ತಲೆಗೆ 64,725 ಆಗಿತ್ತು. ಹೆಚ್ಚಿಗೆ ಹೋದ 19,225ರಲ್ಲಿ ಮುಕ್ಕಾಲು ಪಾಲು ಮೊದಲೇ ಗೊತ್ತಾಗಬಹುದಾಗಿದ್ದ ಖರ್ಚು.

ಮೊದಲು ಗಾಡಿ ವಿಷಯ. ಲೇಹ್‌ನಲ್ಲಿ ಟ್ಯಾಕ್ಸಿ ಯೂನಿಯನ್ನಿನ ದರಪಟ್ಟಿ ಇದೆ. ಜಾಗ, ಗಾಡಿಯ ನಮೂನೆ, ರಾತ್ರಿ ತಂಗುವುದು, ಸುತ್ತಿ ಹೋಗುವುದು, ಪ್ರತಿಯೊಂದಕ್ಕೂ ರೇಟು ಬರೆದಿರುತ್ತದೆ. ಒಳಗೆ ನಾಲ್ಕು ಜನ ಕೂತರೂ ಹನ್ನೆರಡು ಜನ ಕೂತರೂ ಗಾಡಿ ಬಾಡಿಗೆ ಅಷ್ಟೇ. ಮನಾಲಿಯಿಂದಲೋ ಶ್ರೀನಗರದಿಂದಲೋ ಅಗ್ಗದ ಗಾಡಿ ತಂದು ನೂಬ್ರಾ ಕಣಿವೆ, ಪ್ಯಾಂಗಾಂಗ್ ಸರೋವರ ಸುತ್ತಲು ಅಲ್ಲಿ ಬಿಡುವುದಿಲ್ಲ. ಹೊರಗಿನ ಟ್ಯಾಕ್ಸಿ ನಿಮ್ಮನ್ನು ಲೇಹ್‌ಗೆ ಬಿಟ್ಟು ಹೋಗಬಹುದು, ಅಷ್ಟೇ. ಈ ಹತ್ತು ಜನರ ಟಿಟಿ (ಟೆಂಪೊ ಟ್ರಾವೆಲರ್) ಬಾಡಿಗೆ 80,000, ಅಂದರೆ ತಲೆಗೆ 8,000. ಅದು 24,500ರೊಳಗೇ ಸೇರಿತ್ತು. ಹೊರಡುವ ವಾರ ಒಬ್ಬರ ಮನೆಯಲ್ಲಿ ಸೂತಕವಾಗಿ ಇಬ್ಬರು ನಿಂತುಬಿಟ್ಟರು. ಉಳಿದ ಎಂಟು ಜನಕ್ಕೆ ಪಾಲು 10,000ಕ್ಕೆ ಏರಿತು. ನಿಂತವರ ಅಡ್ವಾನ್ಸ್ ವಾಪಸ್ ಬರಲಿಲ್ಲ, ಉಳಿದವರ ಲೆಕ್ಕಕ್ಕೂ ಹಿಡಿಯಲಿಲ್ಲ. ‘ಹತ್ತು ಜನ ಇದ್ದರೆ ಮಾತ್ರ ಈ ರೇಟು’ ಅನ್ನುವ ಸಾಲು ಆ ಹಾಳೆಯಲ್ಲೇ ಇತ್ತು, ಯಾರೂ ಓದಿರಲಿಲ್ಲ.

ಆದ್ದರಿಂದ ರೇಟು ಕೇಳುವಾಗ ಹತ್ತು ಜನಕ್ಕೆ ಎಷ್ಟು, ಎಂಟಕ್ಕೆ ಎಷ್ಟು, ಆರಕ್ಕೆ ಎಷ್ಟು ಅಂತ ಮೂರೂ ಬರೆಸಿಕೊಳ್ಳಿ. ಬಜೆಟ್ ಹಾಕುವಾಗ ಇಬ್ಬರು ಕಮ್ಮಿ ಅಂದುಕೊಂಡೇ ಹಾಕಿ. ಪ್ಯಾಂಗಾಂಗ್‌ನಿಂದ ನೂಬ್ರಾಕ್ಕೆ ಶಯೋಕ್ ನದಿಯ ದಾರಿಯಲ್ಲಿ ನೇರ ಹೋಗುವುದಕ್ಕೆ ಪಟ್ಟಿಯಲ್ಲಿ ಬೇರೆ ದರ ಇರುತ್ತದೆ. ಇವರಿಗೆ ಅದು ಅಲ್ಲಿ ಹೋದ ಮೇಲೆ ತಿಳಿದು ತಲೆಗೆ ಇನ್ನೊಂದು ಸಾವಿರ ಹೋಯಿತು. ಇನ್ನೂ ಆಚೆಗಿರುವ ಹಾನ್ಲೆ ಹಳ್ಳಿ, ಉಮ್ಲಿಂಗ್ ಲಾ ಘಾಟಿಯ ಕಡೆ ಹೋಗುವ ಆಸೆ ಇದ್ದರೆ ಅದನ್ನೂ ಹೊರಡುವ ಮುಂಚೆಯೇ ಹೇಳಿ ಬರೆಸಿ. ಅಲ್ಲಿ ನಿಂತು ಡ್ರೈವರ್ ಜೊತೆ ಚೌಕಾಸಿ ಮಾಡಿದರೆ ಬೆಲೆ ಇಳಿಯುವುದಿಲ್ಲ. ಆ ದರ ಅವರ ಕೈಯಲ್ಲಿ ಇಲ್ಲ.

ಇನ್ನು ನಿಜಕ್ಕೂ ಭಯಪಡಬೇಕಾದ ವಿಷಯ. ಅಗ್ಗದ ಪ್ಯಾಕೇಜಿನಲ್ಲಿ ಮೊದಲು ಕತ್ತರಿ ಬೀಳುವುದು, ಎತ್ತರಕ್ಕೆ ಮೈ ಒಗ್ಗಲಿ ಅಂತ ಸುಮ್ಮನೆ ಮಲಗಬೇಕಾದ ದಿನಕ್ಕೆ. ಆ ದಿನಕ್ಕೂ ಹೋಟೆಲಿನವರಿಗೆ ದುಡ್ಡು ಕೊಡಬೇಕು, ಗಿರಾಕಿಗೆ ತೋರಿಸಲು ಏನೂ ಇರುವುದಿಲ್ಲ. ಚಾಮುಂಡಿ ಬೆಟ್ಟದ ತುದಿ ಸಮುದ್ರ ಮಟ್ಟದಿಂದ ಸುಮಾರು 1,060 ಮೀಟರ್. ಲೇಹ್ ಪೇಟೆ 3,500 ಮೀಟರ್. ಅಲ್ಲಿ ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರ ಮಟ್ಟದ ಮೂರರಲ್ಲಿ ಎರಡು ಪಾಲು ಮಾತ್ರ. ವಿಮಾನದಲ್ಲಿ ಇಳಿದವರು ಎರಡು ರಾತ್ರಿ ಲೇಹ್‌ನಲ್ಲೇ ಮಲಗಿ, ಆಮೇಲೆ ಅದಕ್ಕಿಂತ ತಗ್ಗಿನಲ್ಲಿರುವ ನೂಬ್ರಾದ ದಿಸ್ಕಿತ್, ಹುಂಡರ್ ಕಡೆ ಹೋಗಿ, ಕೊನೆಗೆ 4,300 ಮೀಟರ್ ಆಸುಪಾಸಿನ ಪ್ಯಾಂಗಾಂಗ್‌ಗೆ ಹೋಗುವುದು ಸರಿಯಾದ ಕ್ರಮ. ಇವರ ಹಾಳೆಯಲ್ಲಿ ಎರಡನೇ ದಿನವೇ ಪ್ಯಾಂಗಾಂಗ್ ಇತ್ತು.

ಆ ರಾತ್ರಿ ಟೆಂಟಿನಲ್ಲಿ ಒಬ್ಬ ಹಿರಿಯರಿಗೆ ತಲೆ ಸಿಡಿಯುವಂತೆ ನೋವು, ವಾಂತಿ ಶುರುವಾಯಿತು. ಎತ್ತರದಿಂದ ಬರುವ ಈ ಕಾಯಿಲೆಗೆ ಮೊದಲ ಮದ್ದು ಕೆಳಗಿಳಿಯುವುದು. ಪ್ಯಾಂಗಾಂಗ್‌ನಲ್ಲಿರುವ ತೊಡಕೇ ಅದು: ಲೇಹ್‌ಗೆ ಇಳಿಯಬೇಕಾದರೆ ಮೊದಲು 5,300 ಮೀಟರ್ ದಾಟಿದ ಚಾಂಗ್ ಲಾ ಘಾಟಿ ಏರಬೇಕು. ಬೆಳಕು ಹರಿಯುವ ಮುಂಚೆ ಬೇರೆ ಗಾಡಿ ಹಿಡಿದು ಅವರನ್ನು ಲೇಹ್‌ಗೆ ತಂದರು. ಆ ಕುಟುಂಬಕ್ಕೆ 9,500 ಹೆಚ್ಚಿಗೆ ಹೋಯಿತು, ಮೇಲಿನ ಲೆಕ್ಕದಲ್ಲಿ ಅದು ಸೇರಿಲ್ಲ. ದುಡ್ಡು ಹೋಗಲಿ, ದಾರಿಯ ಆ ಐದು ಗಂಟೆ ಯಾರಿಗೂ ಬೇಡ. ಲೇಹ್‌ನಲ್ಲಿ ಎಸ್‌ಎನ್‌ಎಂ ಸರ್ಕಾರಿ ಆಸ್ಪತ್ರೆ ಇದೆ, ಆದರೆ ಅಲ್ಲಿಯವರೆಗೆ ಬರುವಂತಾಗಬಾರದು. ಬಿಪಿ, ಹೃದಯ, ಉಬ್ಬಸದ ತೊಂದರೆ ಇದ್ದವರು ಊರಿನಲ್ಲೇ ವೈದ್ಯರನ್ನು ಕೇಳಿ. ಎತ್ತರದ ಕಾಯಿಲೆ ತಡೆಯಲು ಕೊಡುವ ಡಯಾಮಾಕ್ಸ್ ಮಾತ್ರೆಯನ್ನೂ ಅವರು ಬರೆದುಕೊಟ್ಟರೆ ಮಾತ್ರ ತೆಗೆದುಕೊಳ್ಳಿ. ಸಲ್ಫಾ ಮದ್ದು ಆಗದವರು ಅದನ್ನು ಮೊದಲೇ ಹೇಳಬೇಕು. ಕೈಯಲ್ಲಿ ಹಿಡಿಯುವ ಆಮ್ಲಜನಕದ ಡಬ್ಬಿ ಕೆಲವೇ ನಿಮಿಷ ಬರುತ್ತದೆ, ಅದನ್ನು ನಂಬಿ ವಿಶ್ರಾಂತಿಯ ದಿನ ಬಿಡಬೇಡಿ.

ಅತಿ ಹೆಚ್ಚು ದುಡ್ಡು ಹೋದದ್ದು ವಾಪಸ್ ಬರುವಾಗ. ಲೇಹ್‌ನಿಂದ ವಿಮಾನಗಳು ಹೆಚ್ಚಾಗಿ ಬೆಳಗ್ಗೆಯೇ ಹೊರಡುತ್ತವೆ. ಹೊತ್ತೇರಿದಂತೆ ಕಣಿವೆಯಲ್ಲಿ ಗಾಳಿ ಜೋರಾಗುತ್ತದೆ, ಬಿಸಿಲಿಗೆ ತೆಳುವಾದ ಗಾಳಿ ಇನ್ನೂ ತೆಳುವಾಗಿ ವಿಮಾನಕ್ಕೆ ಮೇಲೇಳುವ ಬಲ ಸಾಲದು. 2024ರ ಜುಲೈ ಕೊನೆಯಲ್ಲಿ ಬರೀ ಬಿಸಿಲಿನಿಂದಲೇ ಅಲ್ಲಿ ವಿಮಾನಗಳು ರದ್ದಾಗಿದ್ದವು. ಇವರದು ಮೋಡದಿಂದ ರದ್ದಾಯಿತು. ವಿಮಾನದವರು ಮಾರನೇ ದಿನದ ಸೀಟು ಕೊಟ್ಟರು. ಹವಾಮಾನ ಕಾರಣವಾದರೆ ಪರಿಹಾರ ಕೊಡಬೇಕೆಂಬ ನಿಯಮ ಇಲ್ಲ, ಹೋಟೆಲ್ ಖರ್ಚೂ ನಮ್ಮದೇ. ಆ ಒಂದು ದಿನದ ರೂಮು, ಊಟ 2,500.

ಅದಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ದೆಹಲಿಯಲ್ಲಿ. ಸಾವಿರದಷ್ಟು ಉಳಿಯುತ್ತದೆ ಅಂತ ಲೇಹ್–ದೆಹಲಿ ಒಂದು ಕಂಪನಿಯಲ್ಲಿ, ದೆಹಲಿ–ಬೆಂಗಳೂರು ಇನ್ನೊಂದರಲ್ಲಿ, ಬೇರೆ ಬೇರೆ ಪಿಎನ್‌ಆರ್‌ನಲ್ಲಿ ತೆಗೆದಿದ್ದರು. ಮೊದಲನೆಯದು ರದ್ದಾದದ್ದು ಎರಡನೆಯವರಿಗೆ ಸಂಬಂಧವೇ ಇಲ್ಲ, ಅವರ ಪುಸ್ತಕದಲ್ಲಿ ನೀವು ‘ನೋ ಶೋ’, ಅಂದರೆ ವಿಮಾನಕ್ಕೆ ಬಾರದವರು. ವಿಮಾನ ನಿಲ್ದಾಣದ ಶುಲ್ಕದ ಚಿಲ್ಲರೆ ಬಿಟ್ಟರೆ ಉಳಿದದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ದಸರಾ ವಾರದ ಹೊಸ ಟಿಕೆಟ್ಟಿಗೆ ತಲೆಗೆ 8,500 ಕೊಟ್ಟರು. ಬೆಂಗಳೂರಿನಿಂದ ಲೇಹ್‌ವರೆಗೆ ಒಂದೇ ಪಿಎನ್‌ಆರ್‌ನಲ್ಲಿ ತೆಗೆದರೆ ಮುಂದಿನ ವಿಮಾನಕ್ಕೆ ಕೂರಿಸುವ ಹೊಣೆ ವಿಮಾನದವರದು. ಅದು ಆಗದಿದ್ದರೆ ಬರುವಾಗ ದೆಹಲಿಯಲ್ಲಿ ಒಂದು ರಾತ್ರಿ ಇಟ್ಟುಕೊಳ್ಳಿ. ಹೋಗುವಾಗಲಂತೂ ಲೇಹ್ ವಿಮಾನ ನಸುಕಿಗೇ ಇರುವುದರಿಂದ ಹೇಗೂ ಆ ರಾತ್ರಿ ಬೇಕಾಗುತ್ತದೆ. ಇವರು ಅದನ್ನೂ ಲೆಕ್ಕಕ್ಕೆ ಹಿಡಿದಿರಲಿಲ್ಲ, 1,500 ಹೋಯಿತು.

ಉಳಿದವು ಸಣ್ಣವು, ಆದರೆ ಸೇರಿದರೆ ಸಣ್ಣವಲ್ಲ. ‘ಊಟ ಸೇರಿದೆ’ ಅಂದದ್ದು ಎಂಎಪಿ, ಅಂದರೆ ಬೆಳಗಿನ ತಿಂಡಿ ಮತ್ತು ರಾತ್ರಿ ಊಟ. ಮಧ್ಯಾಹ್ನದ ಊಟ, ಟೀ, ನೀರು ದಿನಕ್ಕೆ 400ರಂತೆ ಆರು ದಿನಕ್ಕೆ 2,400. ಶೇ 5 ಜಿಎಸ್‌ಟಿ ಕೊನೆಯ ಕಂತಿನಲ್ಲಿ ಬಂತು, ಏರಿದ ಗಾಡಿ ಪಾಲೂ ಸೇರಿದ 26,500ರ ಮೇಲೆ 1,325. ಹೊರಗಿನ ರಾಜ್ಯದ ಪ್ರೀಪೇಯ್ಡ್ ಸಿಮ್ ಲಡಾಖಿನಲ್ಲಿ ನಡೆಯುವುದಿಲ್ಲ, ಕಾರ್ಡಿನ ಓಟಿಪಿ ಬರುವುದಿಲ್ಲ. ಗುಂಪಿನಲ್ಲಿ ಮೂರ್ನಾಲ್ಕು ಜನರ ಹತ್ತಿರವಾದರೂ ಪೋಸ್ಟ್‌ಪೇಯ್ಡ್ ಇರಲಿ, ಲೇಹ್ ಬಿಡುವ ಮುಂಚೆ ಒಬ್ಬೊಬ್ಬರೂ ಆರು ಸಾವಿರ ನಗದು ಇಟ್ಟುಕೊಳ್ಳಿ. ಪ್ಯಾಂಗಾಂಗ್ ದಡದಲ್ಲಿ ಎಟಿಎಂ ಇಲ್ಲ. ದಸರಾ ತಡವಾಗಿ ಬಂದ ವರ್ಷ ಇನ್ನೊಂದು ತೊಂದರೆ: ಅಕ್ಟೋಬರ್ ನಡುವಿಗೆ ಆ ದಡದ ಟೆಂಟ್‌ಗಳು ಬಹುತೇಕ ಮುಚ್ಚುತ್ತವೆ, ರಾತ್ರಿ ನೀರು ಹೆಪ್ಪುಗಟ್ಟುವ ಚಳಿ. ಎಲ್ಲಿ ಮಲಗಿಸುತ್ತೀರಿ ಅಂತ ಹೋಟೆಲ್ ಹೆಸರು ಸಮೇತ ಕೇಳಿ. ‘ಅಥವಾ ಅದಕ್ಕೆ ಸಮನಾದದ್ದು’ ಅನ್ನುವ ಮಾತಿಗೆ ಒಪ್ಪಬೇಡಿ.

ಬಜೆಟ್ ಹಾಕುವ ರೀತಿ ಹೀಗಿರಲಿ: ವಿಮಾನ, ಹೋಟೆಲ್ ಒಂದು ಕಡೆ. ಗಾಡಿ ಬಾಡಿಗೆಯನ್ನು ಖಂಡಿತ ಬರುವವರ ಸಂಖ್ಯೆಯಿಂದ ಭಾಗಿಸಿ ಇನ್ನೊಂದು ಕಡೆ. ಇವೆರಡರ ಆಚೆಗೆ ಎರಡು ದಿನದ ರೂಮು-ಊಟ ಮತ್ತು ಕೊನೇ ಗಳಿಗೆಯ ಒಂದು ದೆಹಲಿ–ಬೆಂಗಳೂರು ಟಿಕೆಟ್ಟಿನಷ್ಟು ದುಡ್ಡನ್ನು ಮುಟ್ಟದೆ ಇಡಿ. ಆ ದುಡ್ಡು ಇಲ್ಲದಿದ್ದರೆ ಈ ವರ್ಷ ಹೋಗಬೇಡಿ, ಮುಂದಿನ ವರ್ಷ ಹೋಗಿ.

ಅಡ್ವಾನ್ಸನ್ನು ಯಾರದೋ ಸ್ವಂತ ನಂಬರಿಗೆ ಫೋನ್‌ಪೇ ಮಾಡಬೇಡಿ. ಸಂಸ್ಥೆಯ ಖಾತೆಗೇ ಹಾಕಿ, ಜಿಎಸ್‌ಟಿ ನಂಬರ್ ಇರುವ ಬಿಲ್ಲು ಪಡೆಯಿರಿ. ಮೋಸವಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಕಂಪನಿ ಮೈಸೂರಿನದಾಗಲಿ ದೆಹಲಿಯದಾಗಲಿ ಮಂಡ್ಯದವರಿಗೆ ಮಂಡ್ಯವೇ ಸಾಕು. ಕೊಟ್ಟ ದುಡ್ಡು 5 ಲಕ್ಷದೊಳಗಿದ್ದರೆ ಶುಲ್ಕ ಇಲ್ಲ, ಎರಡು ವರ್ಷದೊಳಗೆ ಹಾಕಬೇಕು. ಆ ವಾಟ್ಸಾಪ್ ಹಾಳೆಯೇ ಸಾಕ್ಷಿ, ಅಳಿಸಬೇಡಿ.