ಫ್ಯೂಜಿಫಿಲ್ಮ್ ಜಿಎಫ್‌ಎಕ್ಸ್ 100ಎಸ್-2: 102 ಮೆಗಾಪಿಕ್ಸೆಲ್ ನಿಜಕ್ಕೂ ದಕ್ಕಬೇಕಾದರೆ

ಮೀಡಿಯಂ ಫಾರ್ಮ್ಯಾಟ್ ಎಂಬ ಹೆಸರು ಫಿಲ್ಮ್ ಕಾಲದಿಂದ ಬಂದದ್ದು. 120 ಎಂಬ ಫಿಲ್ಮ್ ರೋಲಿನಲ್ಲಿ 645 ಎಂಬ ಅಳತೆಯ ಫ್ರೇಮ್ ಸುಮಾರು 56 × 41.5 ಮಿ.ಮೀ. ಇರುತ್ತಿತ್ತು. ಫ್ಯೂಜಿಫಿಲ್ಮ್ 2024ರ ಮೇನಲ್ಲಿ ಘೋಷಿಸಿದ ಜಿಎಫ್‌ಎಕ್ಸ್ 100ಎಸ್-2 ಕ್ಯಾಮೆರಾದ ಸೆನ್ಸರ್ 43.8 × 32.9 ಮಿ.ಮೀ. ಹಳೆಯ ಫ್ರೇಮಿಗಿಂತ ಚಿಕ್ಕದು, 36 × 24ರ ಫುಲ್‌ಫ್ರೇಮಿಗಿಂತ (35 ಎಂಎಂ ಫಿಲ್ಮಿನ ಅಳತೆಯ ಸೆನ್ಸರ್) ವಿಸ್ತೀರ್ಣದಲ್ಲಿ ಸುಮಾರು 1.7 ಪಟ್ಟು ದೊಡ್ಡದು. ಬೆಳಕಿನ ಲೆಕ್ಕದಲ್ಲಿ ಇದು ಮುಕ್ಕಾಲು ಸ್ಟಾಪಿನಷ್ಟು ಲಾಭ (ಒಂದು ಸ್ಟಾಪ್ ಎಂದರೆ ಬೆಳಕು ಎರಡು ಪಟ್ಟಾಗುವ ಅಥವಾ ಅರ್ಧವಾಗುವ ಹೆಜ್ಜೆ). ದೊಡ್ಡ ಸೆನ್ಸರ್ ಎಂದ ಮಾತ್ರಕ್ಕೆ ಚಿತ್ರಕ್ಕೆ ಬೇರೆಯದೇ ಕಳೆ ಬಂದುಬಿಡುತ್ತದೆ ಎಂದು ನಂಬಿ ಕೊಂಡವರಿಗೆ ನಿರಾಸೆಯಾಗುತ್ತದೆ. ಈ ಕ್ಯಾಮೆರಾ ಕೊಡುವುದು ತುಂಬಾ ಇದೆ, ಆದರೆ ಕೈ ಬೀಸಿಕೊಂಡು ಹೋಗಿ ಕ್ಲಿಕ್ಕಿಸಿದವರಿಗೆ ಅದು ಸಿಗುವುದಿಲ್ಲ.

ಮೊದಲು ಪಿಕ್ಸೆಲ್ ಲೆಕ್ಕ. ಇದರ ಫೈಲ್ 11648 × 8736. 61 ಮೆಗಾಪಿಕ್ಸೆಲ್ಲಿನ ಫುಲ್‌ಫ್ರೇಮ್ ಕ್ಯಾಮೆರಾದ್ದು 9504 × 6336. ಉದ್ದದ ಬದಿಯಲ್ಲಿ ಸಿಗುವ ಹೆಚ್ಚಳ ಶೇ. 23ರಷ್ಟೇ, ಗಿಡ್ಡ ಬದಿಯಲ್ಲಿ ಶೇ. 38. ಕಾರಣ ಫ್ರೇಮಿನ ಆಕಾರ: ಇದು 4:3, ಅದು 3:2. ಆದ್ದರಿಂದ ಕೊನೆಗೆ ಚಿತ್ರವನ್ನು ಯಾವ ಆಕಾರಕ್ಕೆ ಕತ್ತರಿಸುತ್ತೀರಿ ಎಂಬುದೇ ಮುಖ್ಯ. 5:4 ಪೋರ್ಟ್ರೇಟ್ ಪ್ರಿಂಟಿಗೆ ಕತ್ತರಿಸಿದರೆ ಇಲ್ಲಿ 95 ಮೆಗಾಪಿಕ್ಸೆಲ್ ಉಳಿಯುತ್ತದೆ, ಅಲ್ಲಿ 50. ಹೆಚ್ಚುಕಡಿಮೆ ಎರಡು ಪಟ್ಟು. ಅಗಲವಾದ ಲ್ಯಾಂಡ್‌ಸ್ಕೇಪನ್ನೇ ಸದಾ 3:2ರಲ್ಲಿ ಅಥವಾ ಅದಕ್ಕೂ ಉದ್ದವಾಗಿ ಕತ್ತರಿಸುವವರಿಗೆ ಅಂತರ ಅಷ್ಟಿಲ್ಲ, ಅವರು ಫುಲ್‌ಫ್ರೇಮಿನಲ್ಲೇ ಇದ್ದರೂ ನಷ್ಟವಿಲ್ಲ. 300 ಪಿಪಿಐಯಲ್ಲಿ (ಇಂಚಿಗೆ 300 ಪಿಕ್ಸೆಲ್) ಪೂರ್ತಿ ಫೈಲ್ ಸುಮಾರು 39 × 29 ಇಂಚಿನ ಪ್ರಿಂಟ್ ಕೊಡುತ್ತದೆ. ಚಿತ್ರಕಲೆ, ಹಸ್ತಪ್ರತಿ, ಬಟ್ಟೆ, ಆಭರಣ, ಕಟ್ಟಡಗಳ ಕೆಲಸದಲ್ಲಿ ಇದಕ್ಕೆ ಸರಿಸಾಟಿ ಕಡಿಮೆ.

ಬಾಡಿಯ ಬಗ್ಗೆ ದೂರಲು ಹೆಚ್ಚೇನಿಲ್ಲ. ಬ್ಯಾಟರಿ, ಕಾರ್ಡ್ ಸೇರಿ 883 ಗ್ರಾಂ. ಗ್ರಿಪ್ ಆಳವಾಗಿದೆ, ಮೂರು ದಿಕ್ಕಿಗೆ ಮಡಚುವ ಪರದೆ ಟ್ರೈಪಾಡ್ ಮೇಲೆ ಲಂಬ ಫ್ರೇಮಿಗೂ ಒದಗುತ್ತದೆ. ವ್ಯೂಫೈಂಡರ್ 57.6 ಲಕ್ಷ ಡಾಟ್. 2021ರ 100ಎಸ್‌ನಲ್ಲಿ 36.9 ಲಕ್ಷವಿತ್ತು, ಕೈಯಿಂದ ಫೋಕಸ್ ಮಾಡುವವರಿಗೆ ಈ ಬದಲಾವಣೆಯೊಂದೇ ಸಾಕಷ್ಟು ದೊಡ್ಡದು. ಕಾರ್ಡ್ ಜಾಗ ಎರಡು, ಎರಡೂ ಎಸ್‌ಡಿ ಯುಎಚ್‌ಎಸ್-2. ಇನ್ನೂ ವೇಗದ ಸಿಎಫ್‌ಎಕ್ಸ್‌ಪ್ರೆಸ್ ಕಾರ್ಡ್ ಬೇಕೆಂದರೆ ದೊಡ್ಡಣ್ಣ ಜಿಎಫ್‌ಎಕ್ಸ್ 100-2ಕ್ಕೇ ಹೋಗಬೇಕು.

ಇನ್ನು ತೊಂದರೆ ಶುರುವಾಗುವ ಜಾಗ: ಅಲುಗಾಟ. ಪಿಕ್ಸೆಲ್ ಅಗಲ 3.76 ಮೈಕ್ರಾನ್. ಲೆನ್ಸಿನ ಫೋಕಲ್ ಉದ್ದದಷ್ಟೇ ಶಟರ್ ವೇಗ (110 ಎಂಎಂಗೆ 1/110 ಸೆಕೆಂಡ್) ಇಟ್ಟರೆ ಸಾಕು ಎಂಬ ಹಳೆಯ ಸೂತ್ರ ಇಲ್ಲಿ ಕೈಕೊಡುತ್ತದೆ. ಸ್ಟೆಬಿಲೈಸೇಶನ್ (ಕೈ ನಡುಕವನ್ನು ಸರಿದೂಗಿಸುವ ವ್ಯವಸ್ಥೆ) ಇಲ್ಲದೆ 110 ಎಂಎಂ ಲೆನ್ಸಿಗೆ 1/250ರಿಂದ 1/320 ಬೇಕು. ಸೆನ್ಸರ್ ಸ್ಟೆಬಿಲೈಸೇಶನ್ 8 ಸ್ಟಾಪ್ ಎಂದು ಕಂಪನಿ ಹೇಳುತ್ತದೆ. ಪೂರ್ತಿ ಗಾತ್ರದಲ್ಲಿ ನೋಡುವಾಗಲೂ ಚೊಕ್ಕವಾಗಿರಬೇಕೆಂದರೆ 3-4 ಸ್ಟಾಪ್ ನಂಬಿಕೊಳ್ಳುವುದು ಕ್ಷೇಮ. ಅದೂ ನಿಮ್ಮ ಕೈಯ ನಡುಕಕ್ಕೆ ಮಾತ್ರ ಮದ್ದು, ಎದುರಿಗಿರುವವರ ಚಲನೆಗಲ್ಲ. ಸುಮ್ಮನೆ ಕೂತು ಮಾತಾಡುತ್ತಿರುವ ವ್ಯಕ್ತಿಯ ರೆಪ್ಪೆಗೂದಲು 1/60ರಲ್ಲಿ ಕರಗಿಹೋಗುತ್ತದೆ. ಇರುವ ಬೆಳಕಿನಲ್ಲೇ ಪೋರ್ಟ್ರೇಟ್ ತೆಗೆಯುವಾಗ 1/200ಕ್ಕಿಂತ ಕೆಳಗಿಳಿಯದೆ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆ) ಏರಿಸಿ. ಐಎಸ್‌ಒ 1600ರ ನಾಯ್ಸ್ (ಕಾಳುಕಾಳಾದ ಕಲೆ) ಪ್ರಿಂಟಿನಲ್ಲಿ ಕಾಣುವುದೇ ಇಲ್ಲ, ಮಸುಕಾದ ಕಣ್ಣು ಮಾತ್ರ ಎದ್ದು ಕಾಣುತ್ತದೆ.

ಟ್ರೈಪಾಡ್ ಮೇಲಿಟ್ಟ ಮಾತ್ರಕ್ಕೆ ನಿಶ್ಚಿಂತೆಯಿಲ್ಲ. ಸ್ಟೆಬಿಲೈಸೇಶನ್ ಆಫ್ ಮಾಡಿ. ಶಟರ್ ಬಗೆಯಲ್ಲಿ ಎಲೆಕ್ಟ್ರಾನಿಕ್ ಫ್ರಂಟ್ ಕರ್ಟನ್ (ಮೊದಲ ಪರದೆಯ ಕೆಲಸವನ್ನು ಸೆನ್ಸರೇ ಮಾಡುವ ಬಗೆ) ಆರಿಸಿ, 2 ಸೆಕೆಂಡಿನ ಟೈಮರ್ ಇಡಿ. ಮೆಕ್ಯಾನಿಕಲ್ ಶಟರಿನ ಮೊದಲ ಪರದೆಯ ಏಟು ಸುಮಾರು 1/4ರಿಂದ 1/60ರವರೆಗಿನ ವೇಗಗಳಲ್ಲಿ ಕಾಟ ಕೊಡುತ್ತದೆ. ನಡುಕಂಬ ಮೇಲಕ್ಕೆತ್ತಿದ್ದರೆ, ಮರದ ನೆಲದ ಮೇಲೆ ಯಾರಾದರೂ ಓಡಾಡಿದರೆ, ಗಾಳಿಗೆ ಕ್ಯಾಮೆರಾದ ಪಟ್ಟಿ ಪಟಪಟ ಬಡಿದರೆ, ಎಲ್ಲವೂ ಫೈಲಿನಲ್ಲಿ ದಾಖಲಾಗುತ್ತವೆ. ಪಟ್ಟಿ ಬಿಚ್ಚಿಡಿ. ಹೊರಗೆ ಬಿಸಿಲಲ್ಲಿ ದೊಡ್ಡ ಅಪರ್ಚರಿಗೆ (ಲೆನ್ಸಿನ ಬೆಳಕಿನ ಕಿಂಡಿ; ಎಫ್ ಸಂಖ್ಯೆ ಚಿಕ್ಕದಾದಷ್ಟೂ ಅದು ದೊಡ್ಡದು) ವೇಗದ ಶಟರ್ ಬಳಸುವಾಗ ಇದೇ ಫ್ರಂಟ್ ಕರ್ಟನ್ ಹಿನ್ನೆಲೆಯ ಮಸುಕು ಬಿಂದುಗಳ ಅಂಚನ್ನು ಕತ್ತರಿಸಿದಂತೆ ತೋರಿಸುತ್ತದೆ. ಅದಕ್ಕೆ ಫ್ರಂಟ್ ಕರ್ಟನ್ ಜೊತೆ ಮೆಕ್ಯಾನಿಕಲ್ ಸೇರಿದ ಆಯ್ಕೆ ಇಟ್ಟರೆ ಕ್ಯಾಮೆರಾ ತಾನೇ ಬದಲಿಸಿಕೊಳ್ಳುತ್ತದೆ. ಪೂರ್ತಿ ಎಲೆಕ್ಟ್ರಾನಿಕ್ ಶಟರ್ ಸದ್ದಿಲ್ಲದ್ದು ನಿಜ, ಆದರೆ ಇಷ್ಟು ದೊಡ್ಡ ಸೆನ್ಸರ್ ಸಾಲುಸಾಲಾಗಿ ನಿಧಾನಕ್ಕೆ ಓದಿಕೊಳ್ಳುತ್ತದೆ. ಓಡುವವರ ಕಾಲು ವಾಲುತ್ತದೆ, ಎಲ್‌ಇಡಿ ಬೆಳಕಿನಲ್ಲಿ ಪಟ್ಟೆ ಮೂಡುತ್ತದೆ, ಫ್ಲ್ಯಾಶ್ ಕೆಲಸ ಮಾಡುವುದಿಲ್ಲ. ಅಲುಗದ ವಸ್ತುಗಳಿಗಷ್ಟೇ ಅದು.

ಫೋಕಸ್ ವಿಷಯದಲ್ಲಿ ಒಂದು ಲೆಕ್ಕ ನೋಡಿ. 110 ಎಂಎಂ ಎಫ್/2 ಲೆನ್ಸಿನಿಂದ ಒಂದೂವರೆ ಮೀಟರ್ ದೂರದ ಮುಖ. ಎರಡು ಪಿಕ್ಸೆಲ್ಲಿನಷ್ಟು ಮಸುಕನ್ನು ಮಿತಿ ಎಂದುಕೊಂಡರೆ ಚೊಕ್ಕವಾಗಿರುವ ಆಳ ಸುಮಾರು 5 ಮಿ.ಮೀ. ಎಫ್/5.6ಕ್ಕೆ ಇಳಿಸಿದರೂ ಒಂದೂವರೆ ಸೆಂಟಿಮೀಟರ್ ಮುಟ್ಟುವುದಿಲ್ಲ. ಎದುರಿಗಿರುವವರು ಉಸಿರೆಳೆದುಕೊಂಡರೆ ಸಾಕು, ಕಣ್ಣು ತಪ್ಪಿರುತ್ತದೆ. ಕಣ್ಣು ಗುರುತಿಸುವ ಆಟೋಫೋಕಸ್ ಇಲ್ಲಿ ಐಷಾರಾಮವಲ್ಲ, ಅಗತ್ಯ. ಒಮ್ಮೆ ಫೋಕಸ್ ಲಾಕ್ ಮಾಡಿ ಫ್ರೇಮ್ ತಿರುಗಿಸಿಕೊಳ್ಳುವ ರೂಢಿಯನ್ನು ಬಿಡಲೇಬೇಕು. ಪ್ರತಿ ಭಂಗಿಗೆ ನಾಲ್ಕೈದು ಫ್ರೇಮ್ ತೆಗೆದಿಡಿ.

ಅಪರ್ಚರ್ ಮುಚ್ಚಿ ಆಳ ಪಡೆಯೋಣವೆಂದರೆ ಡಿಫ್ರಾಕ್ಷನ್, ಅಂದರೆ ಚಿಕ್ಕ ಕಿಂಡಿಯಲ್ಲಿ ಬೆಳಕು ಹರಡಿಕೊಳ್ಳುವುದು, ಅಡ್ಡ ಬರುತ್ತದೆ. ಎಫ್/11ರಲ್ಲಿ ಒಂದು ಬೆಳಕಿನ ಬಿಂದು ಸುಮಾರು 15 ಮೈಕ್ರಾನ್ ಅಗಲಕ್ಕೆ ಹರಡುತ್ತದೆ, ಅಂದರೆ ನಾಲ್ಕು ಪಿಕ್ಸೆಲ್. ಎಫ್/16ರಲ್ಲಿ ಆರರ ಹತ್ತಿರ. ಎಫ್/5.6ರಿಂದ ಎಫ್/8 ಇದರ ಸುಖದ ಜಾಗ. ಎಫ್/11 ಶಾರ್ಪನಿಂಗಿಗೆ ಬಗ್ಗುತ್ತದೆ. ಎಫ್/16ರಲ್ಲಿ ತೆಗೆದರೆ 102 ಮೆಗಾಪಿಕ್ಸೆಲ್ಲಿಗೆ ಕೊಟ್ಟ ಹಣದ ಒಂದು ಪಾಲು ನೀರಿಗೆ ಹೋದಂತೆ. ಹತ್ತಿರದ ಕಲ್ಲಿನಿಂದ ದೂರದ ಬೆಟ್ಟದವರೆಗೆ ಎಲ್ಲವೂ ಬೇಕಾದರೆ ಫೋಕಸ್ ಬ್ರ್ಯಾಕೆಟಿಂಗ್ (ಫೋಕಸ್ ಸ್ವಲ್ಪಸ್ವಲ್ಪ ಸರಿಸುತ್ತ ಹಲವು ಫ್ರೇಮ್ ತೆಗೆಯುವುದು) ಬಳಸಿ: ಆಟೋ ಆಯ್ಕೆಯಲ್ಲಿ ಆರಂಭದ ಬಿಂದು, ಕೊನೆಯ ಬಿಂದು ಗೊತ್ತು ಮಾಡಿದರೆ ನಡುವಿನ ಹೆಜ್ಜೆಗಳನ್ನು ಕ್ಯಾಮೆರಾವೇ ಲೆಕ್ಕ ಹಾಕುತ್ತದೆ. ಫ್ರೇಮ್‌ಗಳನ್ನು ಜೋಡಿಸುವ ಕೆಲಸ ಮಾತ್ರ ಕಂಪ್ಯೂಟರಿನಲ್ಲಿ.

ಅತಿ ಸಣ್ಣ ವಿವರವನ್ನು ತುಸು ಮೃದುಗೊಳಿಸುವ ಲೋ-ಪಾಸ್ ಫಿಲ್ಟರ್ ಇಲ್ಲದ್ದರಿಂದ ಸಣ್ಣ ನೇಯ್ಗೆಯ ಬಟ್ಟೆಯಲ್ಲಿ ಕೆಲವೊಮ್ಮೆ ಮ್ವಾರೆ, ಅಂದರೆ ಬಟ್ಟೆಯಲ್ಲಿಲ್ಲದ ಅಲೆಯಂಥ ಪಟ್ಟೆ, ಮೂಡುತ್ತದೆ. ಕ್ಯಾಮೆರಾವನ್ನು ಅರ್ಧ ಅಡಿ ಹಿಂದೆ ಅಥವಾ ಮುಂದೆ ಸರಿಸಿದರೆ ಬಹುಪಾಲು ಮಾಯವಾಗುತ್ತದೆ.

ಸ್ಟುಡಿಯೋದವರು ಕೊಳ್ಳುವ ಮೊದಲು ಫ್ಲ್ಯಾಶ್ ಸಿಂಕ್ ವೇಗವನ್ನು (ಫ್ಲ್ಯಾಶಿನ ಬೆಳಕು ಇಡೀ ಫ್ರೇಮಿಗೆ ಸಿಗುವ ಗರಿಷ್ಠ ಶಟರ್ ವೇಗ) ಯೋಚಿಸಲೇಬೇಕು: 1/125. ಅದಕ್ಕಿಂತ ವೇಗಕ್ಕೆ ಹೋದರೆ ಫ್ರೇಮಿನಲ್ಲಿ ಕಪ್ಪು ಪಟ್ಟಿ. ಒಳಗೆ ಕತ್ತಲಿರುವಾಗ ಫ್ಲ್ಯಾಶಿನ ಕ್ಷಣವೇ ಚಲನೆಯನ್ನು ಹಿಡಿಯುವುದರಿಂದ ತೊಂದರೆಯಿಲ್ಲ. ಹೊರಗೆ ನಡುಹಗಲಲ್ಲಿ ಐಎಸ್‌ಒ 100, 1/125 ಎಂದರೆ ಅಪರ್ಚರ್ ಎಫ್/16ರ ಸುತ್ತ ನಿಲ್ಲುತ್ತದೆ. ಎಫ್/2ರಲ್ಲಿ ತೆಗೆಯಬೇಕಾದರೆ 6 ಸ್ಟಾಪ್ ಕಳೆಯಬೇಕು, ಅಂದರೆ ಬೆಳಕನ್ನು 64ರಲ್ಲಿ ಒಂದು ಪಾಲಿಗೆ ಇಳಿಸುವ ಎನ್‌ಡಿ 64 ಫಿಲ್ಟರ್. 77 ಎಂಎಂ ಒಂದನ್ನು ಕೊಂಡರೆ 110, 80, 55 ಎಂಎಂ ಮತ್ತು 32-64 ಜೂಮ್, ನಾಲ್ಕಕ್ಕೂ ಹೊಂದುತ್ತದೆ. 1/125ಕ್ಕಿಂತ ವೇಗದಲ್ಲೂ ಫ್ಲ್ಯಾಶ್ ಬಳಸಲು ಹೈ-ಸ್ಪೀಡ್ ಸಿಂಕ್ ಇದೆ, ಆದರೆ ಫ್ಲ್ಯಾಶಿನ ಬಲ ಕುಸಿಯುತ್ತದೆ. ಹಗಲಲ್ಲಿ ಫ್ಲ್ಯಾಶ್ ಹಾಕುವುದೇ ಮುಖ್ಯ ಕೆಲಸವಾದರೆ ಹ್ಯಾಸಲ್‌ಬ್ಲಾಡ್ ಎಕ್ಸ್2ಡಿ ಕಡೆ ನೋಡುವುದು ಒಳ್ಳೆಯದು. ಅದರ ಶಟರ್ ಲೆನ್ಸಿನೊಳಗೇ ಇರುವುದರಿಂದ ಬಹುತೇಕ ಎಕ್ಸ್‌ಸಿಡಿ ಲೆನ್ಸ್‌ಗಳಲ್ಲಿ 1/2000ದವರೆಗೂ ಸಿಂಕ್ ಸಿಗುತ್ತದೆ, ಹೊಸ ವಿ ಸರಣಿಯಲ್ಲಿ 1/4000. ಜೊತೆಗೆ ಒಂದು ಟಿಬಿ ಒಳ ಸಂಗ್ರಹ. 2022ರ ಎಕ್ಸ್2ಡಿಯಲ್ಲಿ ಚಲಿಸುವ ವಸ್ತುವನ್ನು ಹಿಂಬಾಲಿಸುವ ಆಟೋಫೋಕಸ್ ಇರಲಿಲ್ಲ. 2025ರ ಎರಡನೇ ಆವೃತ್ತಿಯಲ್ಲಿ ಬಂದಿದೆ.

ಲೆನ್ಸ್‌ಗಳಲ್ಲಿ 110 ಎಂಎಂ ಎಫ್/2 ಈ ಸಿಸ್ಟಮಿನ ಕಿರೀಟ. ಒಂದು ಕಿಲೋ ತೂಕ, ಫೋಕಸ್ ಚುರುಕು. 80 ಎಂಎಂ ಎಫ್/1.7ರ ಚಿತ್ರ ಸೊಗಸು, ಫೋಕಸ್ ನಿಧಾನ; ಮಕ್ಕಳ ಹಿಂದೆ ಓಡಲು ಆಗದು. ಇಡೀ ದಿನ ಹೊತ್ತು ತಿರುಗುವವರಿಗೆ 35-70 ಜೂಮ್ 390 ಗ್ರಾಂ, 50 ಎಂಎಂ ಎಫ್/3.5 ಕೇವಲ 335 ಗ್ರಾಂ. ಫುಲ್‌ಫ್ರೇಮ್ ಲೆನ್ಸ್‌ಗಳನ್ನು ಅಡಾಪ್ಟರಿನಿಂದ ಹಾಕಬಹುದು. ಮೂಲೆ ಕಪ್ಪಾದರೆ 35 ಎಂಎಂ ಫಾರ್ಮ್ಯಾಟ್ ಆಯ್ಕೆಯಲ್ಲಿ ಸುಮಾರು 60 ಮೆಗಾಪಿಕ್ಸೆಲ್ ಉಳಿಯುತ್ತದೆ.

ಪಿಕ್ಸೆಲ್ ಶಿಫ್ಟ್ ಎಂಬ ಆಯ್ಕೆ, ಸೆನ್ಸರನ್ನು ಚೂರುಚೂರೇ ಸರಿಸಿ ತೆಗೆದ 16 ಫ್ರೇಮ್ ಸೇರಿಸಿ 400 ಮೆಗಾಪಿಕ್ಸೆಲ್ ಕೊಡುತ್ತದೆ. ಗೋಡೆಗೆ ತಗುಲಿಸಿದ ಚಿತ್ರಕಲೆಯ ಪ್ರತಿ ತೆಗೆಯಲು ಅದ್ಭುತ. ಒಂದು ಎಲೆ ಅಲುಗಿದರೂ ಅಲ್ಲಿ ಚೌಕಚೌಕದ ಕಲೆ.

ಎಕ್ಸ್‌ಪೋಶರ್ ಇಡುವಾಗ ಬಿಳಿ ಭಾಗ ಸುಟ್ಟುಹೋಗದಂತೆ ನೋಡಿಕೊಳ್ಳಿ. ಐಎಸ್‌ಒ 80ರಲ್ಲಿ ನೆರಳನ್ನು ಮೂರು ಸ್ಟಾಪ್ ಎತ್ತಿದರೂ ಬಣ್ಣ ಕೆಡುವುದಿಲ್ಲ. ಈ ಕ್ಯಾಮೆರಾದ ಮೇಲೆ ಪ್ರೀತಿ ಹುಟ್ಟುವುದು ಅಲ್ಲೇ. ಆದರೆ ಪರದೆಯ ಹಿಸ್ಟೋಗ್ರಾಮ್ (ಬೆಳಕಿನ ಹಂಚಿಕೆಯ ನಕ್ಷೆ) ಜೆಪೆಗ್ ನೋಡಿ ಬರೆದದ್ದು, ರಾದಲ್ಲಿ (ಸೆನ್ಸರಿನ ಸಂಸ್ಕರಿಸದ ಫೈಲ್) ಇನ್ನೂ ಜಾಗವಿರುವಾಗಲೇ ಹೆದರಿಸುತ್ತದೆ. ಎಟರ್ನಾ ಎಂಬ ಫಿಲ್ಮ್ ಸಿಮ್ಯುಲೇಶನ್ (ಫಿಲ್ಮಿನ ಬಣ್ಣ ಅನುಕರಿಸುವ ಆಯ್ಕೆ) ಹಾಕಿ, ಹೈಲೈಟ್, ಶ್ಯಾಡೋ ಎರಡನ್ನೂ ಮೈನಸ್ 2ಕ್ಕೆ ಇಳಿಸಿದರೆ ನಿಜಕ್ಕೆ ಹತ್ತಿರ ಬರುತ್ತದೆ. ರಾ ತೆಗೆಯುವವರು ಡೈನಮಿಕ್ ರೇಂಜ್ ಆಯ್ಕೆಯನ್ನು 100ರಲ್ಲೇ ಬಿಡಿ. 200, 400 ಇಟ್ಟರೆ ಕನಿಷ್ಠ ಐಎಸ್‌ಒ ಏರಿ, ರಾ ಫೈಲ್ ಬೆಳಕಿಲ್ಲದೆ ಬಡವಾಗುತ್ತದೆ.

ಕೊನೆಗೆ ಫೈಲ್‌ಗಳು. ಕಂಪ್ರೆಸ್ ಮಾಡದ 16-ಬಿಟ್ ರಾ ಒಂದಕ್ಕೆ 200 ಎಂಬಿ ದಾಟುತ್ತದೆ. 14-ಬಿಟ್ ಲಾಸ್‌ಲೆಸ್‌ನಲ್ಲಿ ಸುಮಾರು ಅದರ ಅರ್ಧ, ಆ ಕಂಪ್ರೆಶನ್ನಿನಿಂದ ಗುಣಮಟ್ಟದಲ್ಲಿ ಏನೂ ಕಳೆದುಹೋಗದು. ಮೂಲ ಐಎಸ್‌ಒದಲ್ಲಿ ನೆರಳನ್ನು ವಿಪರೀತ ಎತ್ತುವ ಕೆಲಸ ಬಿಟ್ಟರೆ 16-ಬಿಟ್ಟಿನ ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ, ದಿನನಿತ್ಯಕ್ಕೆ 14 ಸಾಕು. ಕಾರ್ಡ್ ವೇಗದ ವಿ90 ದರ್ಜೆಯದಾಗಿರಲಿ. ಎರಡೂ ಕಾರ್ಡಿಗೆ ಒಟ್ಟಿಗೆ ಬರೆಸುವವರು ಒಂದರಲ್ಲಿ ನಿಧಾನದ ಕಾರ್ಡ್ ಹಾಕಿದರೆ ಬಫರ್ (ಕ್ಯಾಮೆರಾದ ತಾತ್ಕಾಲಿಕ ಸಂಗ್ರಹ) ಅದರ ವೇಗದಲ್ಲೇ ಖಾಲಿಯಾಗುತ್ತದೆ. ಎಡಿಟಿಂಗಿಗೆ ತೆರೆದ 16-ಬಿಟ್ ಟಿಫ್ ಒಂದೊಂದೂ ಸುಮಾರು 610 ಎಂಬಿ. ಮೂರ್ನಾಲ್ಕು ಲೇಯರ್ ಆದರೆ ಫೋಟೊಶಾಪಿನ ಪಿಎಸ್‌ಡಿ ಫೈಲಿನ 2 ಜಿಬಿ ಮಿತಿ ಮೀರಿ ಉಳಿಸಲು ಆಗದೆ ನಿಲ್ಲುತ್ತದೆ; ಮೊದಲೇ ದೊಡ್ಡ ಫೈಲಿಗೆಂದೇ ಇರುವ ಪಿಎಸ್‌ಬಿಯಾಗಿ ಉಳಿಸಿ. 32 ಜಿಬಿ ರ‍್ಯಾಮ್ ಕನಿಷ್ಠ, 64 ಇದ್ದರೆ ಕೆಲಸ ಸಲೀಸು. ಟೆದರಿಂಗಿಗೆ (ಕ್ಯಾಮೆರಾವನ್ನು ಕಂಪ್ಯೂಟರಿಗೆ ಜೋಡಿಸಿ ತೆಗೆಯುವುದಕ್ಕೆ) ಮೂರು ಮೀಟರಿಗಿಂತ ಉದ್ದದ ಸಾಮಾನ್ಯ ಯುಎಸ್‌ಬಿ ಕೇಬಲ್ ಹಾಕಿದರೆ ಸಂಪರ್ಕ ಆಗಾಗ ಕಡಿಯುತ್ತದೆ. ಉದ್ದ ಬೇಕಿದ್ದರೆ ಸಿಗ್ನಲ್ಲಿಗೆ ಬಲ ಕೊಡುವ ಆ್ಯಕ್ಟಿವ್ ಕೇಬಲ್ಲೇ ಬೇಕು.

ಕೊಳ್ಳುವ ಮುನ್ನ ಒಂದು ದಿನ ಬಾಡಿಗೆಗೆ ತಂದು, ನಿಮ್ಮ ಎಂದಿನ ಕೆಲಸವನ್ನೇ ಇದರಲ್ಲಿ ಮಾಡಿ. ಆ ಫೈಲ್‌ಗಳನ್ನು ನಿಮ್ಮದೇ ಕಂಪ್ಯೂಟರಿಗೆ ಇಳಿಸಿ, ಆರಿಸಿ, ಎರಡು ಕಡೆ ಬ್ಯಾಕಪ್ ಮಾಡುವಷ್ಟರಲ್ಲಿ ಎಷ್ಟು ಗಂಟೆ ಹಿಡಿಯಿತು, ಪೂರ್ತಿ ಗಾತ್ರದಲ್ಲಿ ನೋಡಿದಾಗ ನೂರಕ್ಕೆ ಎಷ್ಟು ಫ್ರೇಮಿನಲ್ಲಿ ಕಣ್ಣು ಚೊಕ್ಕವಾಗಿದೆ ಎಂದು ಎಣಿಸಿ ಬರೆದಿಟ್ಟುಕೊಳ್ಳಿ.